ಲಾಲ್‌ಬಾಗಿನ ಬಂಡೆಯ ಮೇಲೆ ನಾನು ಹೇಳಿದ ‘ಹೂಂ’

ನಂಜಿ ನೋಡಿ ಒಪ್ಪಿದ್ದು ಒಬ್ಬನನ್ನು, ಅವಳನ್ನು ಮದುವೆ ಮಾಡಿಕೊಟ್ಟದ್ದು ಇನ್ನೊಬ್ಬನಿಗೆ. ಅವಳು ತಪ್ಪು ಗಂಡಸನ್ನು ನೋಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. “ಇವರೇನಾ?” ಎಂದು ಅವಳು ಕೇಳಿದಾಗ ನಾನು “ಹೂಂ” ಎಂದೆ. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಈ ಒಂದು ಮಾತಿನ ಹಿಂದುಮುಂದು.

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನೆಯುತ್ತಿರಬಹುದು. ಯುದ್ಧದ ಕಾಲ ಎಂಬುದು ಖಂಡಿತ — ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು — ಆದರೆ ಯಾವ ವರ್ಷ ಎಂದು ಆಣೆ ಮಾಡಿ ಹೇಳಲಾರೆ. ನಂಜಿಯ ಸೀರೆ ಹಸಿರಿತ್ತು ಎಂದುಕೊಳ್ಳುತ್ತೇನೆ. ಅದು ಮದುವೆಯ ದಿನದ ಸೀರೆಯ ಬಣ್ಣವೂ ಇರಬಹುದು, ಎರಡೂ ನನ್ನೊಳಗೆ ಬೆರೆತುಹೋಗಿವೆ. ಇತಿಹಾಸ ಓದಿ, ಇತಿಹಾಸವನ್ನೇ ಪಾಠ ಮಾಡಿದವಳು ನಾನು. ಕಂಡವರು ಹೇಳಿದ್ದನ್ನೆಲ್ಲ ನಂಬಬೇಡಿ, ಜನ ತಮಗೆ ಅನುಕೂಲವಾದಂತೆ ನೆನಪಿಟ್ಟುಕೊಳ್ಳುತ್ತಾರೆ ಎಂದು ಎಷ್ಟೋ ಹುಡುಗಿಯರಿಗೆ ಹೇಳಿಕೊಟ್ಟಿದ್ದೇನೆ. ದಿನಚರಿ ಬರೆಯುವ ಅಭ್ಯಾಸ ನನಗೆ ಆಗಲೂ ಇತ್ತು. ಆ ದಿನದ ಬಗ್ಗೆ ಮಾತ್ರ ಒಂದಕ್ಷರವನ್ನೂ ಬರೆಯಲಿಲ್ಲ. ಆದರೆ ಆ ‘ಹೂಂ’ — ಅದೊಂದು ತಪ್ಪು ನೆನಪಾಗಿರಲಿ ಎಂದು ಎಷ್ಟು ಸಲ ಹಾರೈಸಿದ್ದೇನೆ! ಅಲ್ಲ. ಅದನ್ನು ನಾನು ಹೇಳಿದೆ.

ನಂಜಿ ನನ್ನ ಚಿಕ್ಕಪ್ಪನ ಮಗಳು, ನನಗಿಂತ ಎರಡು ವರ್ಷ ಚಿಕ್ಕವಳು. ನಾವಿಬ್ಬರೂ ಬೆಳೆದದ್ದು ತೂಬಗೆರೆಯ ಒಂದೇ ಮನೆಯಲ್ಲಿ, ಒಂದೇ ಕಂಬಳಿಯ ಕೆಳಗೆ. ಅವಳ ತಾಯಿ ಅವಳು ಚಿಕ್ಕವಳಿದ್ದಾಗಲೇ ಹೋಗಿಬಿಟ್ಟಿದ್ದರು. ನನ್ನನ್ನು ಅವಳು ‘ಅಕ್ಕಯ್ಯ’ ಎನ್ನುತ್ತಿದ್ದಳು. ಈಗಲೂ ಹಾಗೇ ಅನ್ನುತ್ತಾಳೆ, ಅದನ್ನು ಕೇಳುವುದು ನನಗೆ ಕಷ್ಟ.

ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಹೆಣ್ಣುಮಗಳೊಬ್ಬಳು ಬಿ.ಎ. ಓದುವುದೆಂದರೆ ಆಗ ಊರೇ ನಗುವಂಥ ಸಂಗತಿ. ಅಪ್ಪ ಒಪ್ಪಿದ್ದು ಒಂದೇ ಕಾರಣಕ್ಕೆ: ಅವರ ದೊಡ್ಡಪ್ಪನ ಮಗಳು, ಎಂದರೆ ನನಗೆ ಅತ್ತೆಯಾಗಬೇಕಾದವರು, ಕಾಟನ್‌ಪೇಟೆಯಲ್ಲಿದ್ದರು. ನನಗೆ ಅಲ್ಲಿ ಊಟ, ಮಲಗಲು ಜಾಗ, ಓದಲು ಒಂದು ಕಿಟಕಿ. ಅತ್ತೆಗೆ ಒಬ್ಬನೇ ಮಗ, ಚನ್ನಪ್ಪ. ತಮ್ಮ ತಂದೆ ಬಿಟ್ಟುಹೋದ ಹುಣಸೆಹಣ್ಣಿನ ಮಂಡಿಯನ್ನು ನೋಡಿಕೊಂಡಿದ್ದರು. ನನಗೆ ವರಸೆಯಲ್ಲಿ ಭಾವ. ಚಿಕ್ಕಂದಿನಲ್ಲಿ ಸಿಡುಬು ಎದ್ದು ಎಡಗಣ್ಣು ಹೋಗಿತ್ತು. ಗುಡ್ಡೆ ಬೆಳ್ಳಗೆ ಉಳಿದುಕೊಂಡಿತ್ತು, ಮುಖದ ತುಂಬ ಕಲೆ. ಹೊರಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಿದ್ದರು, ಮನೆಗೆ ಬಂದೊಡನೆ ತೆಗೆದು ಗೂಡಿನಲ್ಲಿ ಇಡುತ್ತಿದ್ದರು. ಮದುವೆ ಮುಂಜಿಗಳಿಗೆ ಹೋಗುತ್ತಿರಲಿಲ್ಲವಾದ್ದರಿಂದ ಊರಿನ ಕಡೆಯ ಹುಡುಗಿಯರು ಯಾರೂ ಅವರನ್ನು ಕಂಡಿರಲಿಲ್ಲ. ನಂಜಿಯೂ ಕಂಡಿರಲಿಲ್ಲ.

ಅವರು ಒಳ್ಳೆಯವರು. ಇದನ್ನು ಮೊದಲೇ ಬರೆದುಬಿಡಬೇಕು — ಇಲ್ಲವಾದರೆ ಮುಂದಿನದು ನನಗೆ ಅನುಕೂಲವಾಗಿ ಕಂಡುಬಿಡುತ್ತದೆ. ನನಗೆ ಓದಲು ಮೇಜು ಬೇಕೆಂದು ನಾನು ಕೇಳಿರಲೇ ಇಲ್ಲ. ಒಂದು ದಿನ ಕಾಲೇಜಿನಿಂದ ಬಂದಾಗ ಕಿಟಕಿಯ ಬಳಿ ಮೇಜು ಇತ್ತು, ಅಷ್ಟೇ.

ಅತ್ತೆ ನಂಜಿಯನ್ನು ಸೊಸೆಯಾಗಿ ಕೇಳಿದರು. ಚಿಕ್ಕಪ್ಪನಿಗೆ ಆಗಲೇ ಅರ್ಧ ಮನಸ್ಸು. ಆದರೆ ನಂಜಿ ಒಂದು ಪಟ್ಟು ಹಿಡಿದಳು, ನಮ್ಮ ಮನೆಯಲ್ಲಿ ಯಾವ ಹೆಣ್ಣೂ ಹಿಡಿಯದಂಥದ್ದು.

“ನಾನು ಒಂದ್ಸಲ ನೋಡ್ಬೇಕು.”

“ಹೆಣ್ಣು ನೋಡೋಕೆ ಅವ್ರೇ ಬತ್ತಾರಲ್ಲ, ಆಗ ನೋಡ್ಕೊ” ಎಂದರು ಚಿಕ್ಕಪ್ಪ.

“ಆಗ ತಲೆ ತಗ್ಗಿಸ್ಕೊಂಡು ಕೂರ್ಬೇಕು. ಕಾಲು ಕಾಣ್ತದೆ, ಮುಖ ಎಲ್ಲಿ ಕಾಣ್ತದೆ? ಕಾಲು ನೋಡಿ ಮದ್ವೆ ಆಗಕಾಯ್ತದಾ? ಅವ್ವ ಇದ್ದಿದ್ರೆ ಹೋಗಿ ನೋಡ್ಕೊಂಡು ಬರೋಳು. ನಂಗ್ಯಾರವ್ರೆ?”

ತಾಯಿಯ ಮಾತು ಬಂದ ಮೇಲೆ ಚಿಕ್ಕಪ್ಪ ಒಪ್ಪಿದರು. ನಂಜಿಗೆ ಬೆಂಗಳೂರು ತೋರಿಸುವ ನೆವ ಮಾಡುವುದು, ಚನ್ನಪ್ಪ ಭಾವ ಅಲ್ಲಲ್ಲಿ ದೂರದಲ್ಲಿ ನಿಂತಿರುವುದು, ನಾನು ಜೊತೆಯಲ್ಲಿದ್ದು ತೋರಿಸುವುದು — ಹೀಗೆ ತೀರ್ಮಾನವಾಯಿತು. ಮಾತುಕತೆ ಇರಕೂಡದು. ತಂದೆ ಪಕ್ಕದಲ್ಲಿ ನಿಂತುಕೊಂಡು ಮಗಳಿಗೆ ಗಂಡು ತೋರಿಸುವುದು ಮರ್ಯಾದೆಯಲ್ಲವೆಂದು ಚಿಕ್ಕಪ್ಪ ಬಾಗಿಲಲ್ಲೇ ಉಳಿಯುವುದು.

ಹಿಂದಿನ ಭಾನುವಾರ ಊರಿಗೆ ಹೋಗಿದ್ದಾಗ ಚಿಕ್ಕಪ್ಪ ನನ್ನನ್ನು ಹಿತ್ತಿಲಿಗೆ ಕರೆದರು. “ಕಣ್ಣಿನ ಇಚಾರ ನೀನಾಗಿ ಬಾಯಿ ಬಿಡ್ಬ್ಯಾಡ ಕಣವ್ವ. ಅವ್ಳೇ ನೋಡ್ಲಿ. ನೋಡಿ ಬ್ಯಾಡ ಅಂದ್ರೆ ಬ್ಯಾಡ. ತಾಯಿ ಇಲ್ದಿರೋ ಮಗ, ನಾನು ಬಲವಂತ ಮಾಡಾಕಿಲ್ಲ. ಒಸಿ ಬಲಗೆನ್ನೆ ಕಾಣಂಗೆ ನಿಂತ್ಕೊಳ್ಳೋಕೆ ಹೇಳು ಆವಯ್ಯಂಗೆ, ಅಷ್ಟೇ.”

ಅದನ್ನು ನಾನು ಕಾಟನ್‌ಪೇಟೆಗೆ ಹೋಗಿ ಹೇಳಿದೆ. ಭಾವ ಊಟ ಮಾಡುತ್ತಿದ್ದರು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು. “ಬಲಗೆನ್ನೆ ತೋರಿಸ್ಕೊಂಡು ಎಷ್ಟು ವರ್ಷ ನಿಲ್ಲಲಿ? ಪೂರ್ತಿ ನೋಡ್ಲಿ. ನೋಡಿ ಒಪ್ಪಿದ್ರೆ ಉಂಟು. ಇಲ್ದಿದ್ರೆ ಬೇಡ.” ಇದು ನನ್ನ ಕಿವಿಯಾರೆ ಕೇಳಿದ ಮಾತು. ಹೀಗಿರುವಾಗ ನಾನು — ಇರಲಿ, ಒಂದೊಂದಾಗಿ ಹೇಳುತ್ತೇನೆ.

ಆ ದಿನ ಬೆಳಿಗ್ಗೆ ಅತ್ತೆ ಕಾಫಿ ಕೊಡುತ್ತ ನಗುನಗುತ್ತ ಅಂದರು: “ನಂಜಿ ಬೇಡ ಅಂದ್ರೆ ಅನ್ಲಿ ಬಿಡು. ಇನ್ನೊಬ್ಳು ಮನೇಲೇ ಅವ್ಳಲ್ಲ. ನಿಮ್ಮಪ್ಪನ್ನ ಕೇಳಿದ್ದೀನಿ, ವರಸೆ ಐತೆ, ನಾನ್ಯಾಕೆ ಬ್ಯಾಡ ಅನ್ಲಿ ಅಂದವ್ನೆ. ಓದಿದ್ದು ಸಾಕು ಅಂದ್ರಾಯ್ತು.”

ತಮಾಷೆಯಾಗಿರಲಿಲ್ಲ. ಅಪ್ಪ ಹಾಗೆ ಹೇಳಿಯೇ ಹೇಳುತ್ತಾರೆಂದು ನನಗೆ ಗೊತ್ತಿತ್ತು. ಅತ್ತೆಯ ಮಗ ಕೈಯೊಡ್ಡಿದರೆ ಇಲ್ಲವೆನ್ನುವ ಬಾಯಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಂಜಿಗಾದರೂ ‘ನೋಡಬೇಕು’ ಎನ್ನುವ ದಾರಿಯಿತ್ತು. ದಿನವೂ ಅವರನ್ನು ನೋಡುತ್ತಿದ್ದ ನಾನು ಏನೆಂದು ಹೇಳಲಿ? ಆ ಲೋಟ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಬಿ.ಎ. ಮುಗಿಯಲು ಇನ್ನೂ ಎರಡು ವರ್ಷ ಬೇಕಿತ್ತು. ಇದನ್ನು ಓದುವವರು, ಪಾಪ, ಓದಿನ ಆಸೆ ಎಂದುಕೊಳ್ಳಬಹುದು. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಆದರೆ ಆಗ ಮನಸ್ಸಿನಲ್ಲಿ ಬಂದದ್ದು ಕಾಲೇಜಲ್ಲ. ಆ ಬಿಳಿ ಗುಡ್ಡೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಪಕ್ಕದಲ್ಲಿ ಆ ಬಿಳಿ ಗುಡ್ಡೆ.

ಚಿಕ್ಕಪ್ಪ, ನಂಜಿ ದೊಡ್ಡಬಳ್ಳಾಪುರದಿಂದ ಮೊದಲ ಬಸ್ಸಿಗೆ ಬಂದರು. ನಂಜಿಯ ಮುಖ, ಮೂಗು ಎಲ್ಲ ಇದ್ದಿಲ ಮಸಿ. ಅದನ್ನು ಒರೆಸುತ್ತ ನಾನು ನಕ್ಕೆ, ಅವಳೂ ನಕ್ಕಳು. ಜಟಕಾ ಹತ್ತಿದ ಮೇಲೆ ನನ್ನ ಕಿವಿಯಲ್ಲಿ, “ಹೆಂಗವ್ರೆ ಅಕ್ಕಯ್ಯ? ನೀನು ದಿನಾ ನೋಡ್ತೀಯಲ್ಲ, ಒಸಿ ಹೇಳೆ” ಎಂದಳು. “ನೋಡ್ತೀಯಲ್ಲ, ಆತುರ ಯಾಕೆ?” ಎಂದೆ. ಆಗಿನ್ನೂ ನಾನು ಏನನ್ನೂ ನಿಶ್ಚಯಿಸಿರಲಿಲ್ಲ. ಅಥವಾ ನಿಶ್ಚಯಿಸಿರಲಿಲ್ಲವೆಂದು ಈಗ ನೆನೆಯುತ್ತಿದ್ದೇನೆ.

ಮೊದಲು ಕೋಟೆಯ ಬಳಿಯ ಟಿಪ್ಪುವಿನ ಅರಮನೆ. ಚಿಕ್ಕಪ್ಪ ಹೊರಗಿನಿಂದಲೇ ಮೇಲಕ್ಕೂ ಕೆಳಕ್ಕೂ ನೋಡಿ, “ಸುಲ್ತಾನ ಇದ್ದ ಮನೆ ಇಷ್ಟೇನಾ? ನಮ್ಮ ಪಟೇಲ್ರ ತೊಟ್ಟೀನೇ ದೊಡ್ಡದು” ಎಂದು ಬೀಡಿ ಹಚ್ಚಿಕೊಂಡು ಮರದಡಿ ಕೂತರು. ನಾವಿಬ್ಬರೂ ಮರದ ಮೆಟ್ಟಿಲು ಹತ್ತಿ ಮೇಲಿನ ಮೊಗಸಾಲೆಗೆ ಹೋದೆವು. ಬಣ್ಣ ಮಾಸಿದ ಗೋಡೆಗಳ ಮೇಲೆ ಬಳ್ಳಿ, ಹೂವು. ಕಂಬಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ ನಂಜಿ ಇದ್ದಕ್ಕಿದ್ದಂತೆ ಕೈ ತೆಗೆದಳು. ಕೆಳಗೆ ತೋಟದಲ್ಲಿ ಇಬ್ಬರು ಗಂಡಸರು ಬಂದು ನಿಂತಿದ್ದರು.

ಒಬ್ಬರು ಭಾವ. ಇನ್ನೊಬ್ಬರು ಶಾಮಣ್ಣ — ಭಾವನ ಸ್ನೇಹಿತರು, ಮಂಡಿಯ ಪಕ್ಕದಲ್ಲೇ ಅಂಗಡಿ. ಹೆಂಗಸರ ಕಡೆ ನೋಡುತ್ತ ಒಬ್ಬರೇ ನಿಲ್ಲಲು ಸಂಕೋಚವಾಗಿ ಭಾವ ಅವರನ್ನು ಕರೆದುಕೊಂಡು ಬಂದಿದ್ದರು. ಶಾಮಣ್ಣ ಎತ್ತರ, ಕೆಂಪು ಮೈಬಣ್ಣ, ತಲೆಗೆ ಟೋಪಿ. ಯಾರಾದರೂ ಮೊದಲು ನೋಡುವುದು ಅವರನ್ನೇ. ಅಷ್ಟು ಹೊತ್ತಿಗಾಗಲೇ ಮದುವೆಯಾಗಿ ಎರಡು ಮಕ್ಕಳಿದ್ದವರು.

ಭಾವ ಮೇಲಕ್ಕೆ ನೋಡಿ, ನಿಧಾನವಾಗಿ ಕನ್ನಡಕ ತೆಗೆದರು. ತೆಗೆದು, ಬಿಸಿಲಿಗೆ ಮುಖವನ್ನು ಪೂರ್ತಿ ಎತ್ತಿ ಹಿಡಿದು ನಿಂತರು. ಆ ನಿಲುವು — ಶಾಲೆಯಲ್ಲಿ ತಪಾಸಣೆಗೆ ನಿಂತ ಮಗುವಿನ ಹಾಗೆ. ನಂಜಿ ಅತ್ತ ನೋಡಲೇ ಇಲ್ಲ. ಅವಳ ಕಣ್ಣು ಟೋಪಿಯ ಮೇಲಿತ್ತು. ನಾನು ಅವಳ ಕಣ್ಣನ್ನು ನೋಡಿದೆ, ಅದು ಹೋದ ದಾರಿಯನ್ನು ನೋಡಿದೆ. ಅವಳು ಕೇಳಲಿಲ್ಲ, ನಾಚಿ ಕಂಬದ ಹಿಂದೆ ಸರಿದಳು. ನಾನೂ ಏನೂ ಹೇಳಲಿಲ್ಲ. ಇಲ್ಲಿಯವರೆಗೆ ನಾನು ಸುಳ್ಳು ಹೇಳಿರಲಿಲ್ಲ — ಹೀಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆ.

ಅಲ್ಲಿಂದ ಮಾರ್ಕೆಟ್ಟು, ಬಸವನ ಗುಡಿ. ಅಲ್ಲಿ ಭಾವ ಕಾಣಲಿಲ್ಲ, ಅಥವಾ ಕಂಡದ್ದು ನನಗೆ ನೆನಪಿಲ್ಲ. ನಂಜಿ ದೊಡ್ಡ ಬಸವಣ್ಣನಿಗೆ ಕೈ ಮುಗಿದು ಬಹಳ ಹೊತ್ತು ನಿಂತಳು. ಏನು ಬೇಡಿಕೊಂಡೆ ಎಂದು ಕೇಳಿದರೆ, “ಹೇಳ್ಬಿಟ್ರೆ ಆಗಾಕಿಲ್ಲ” ಎಂದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಲಾಲ್‌ಬಾಗು. ಚಿಕ್ಕಪ್ಪ ಕಾಲು ನೋವೆಂದು ಕೆಳಗೇ ಕೂತರು. ನಾವು ಕೆಂಪೇಗೌಡನ ಗೋಪುರವಿರುವ ಬಂಡೆಯನ್ನು ಹತ್ತಿದೆವು. ಬಂಡೆ ಕಾದಿತ್ತು, ನಂಜಿ ಬರಿಗಾಲಿನಲ್ಲಿ ಕುಣಿದುಕೊಂಡು ಹತ್ತಿದಳು. ಮೇಲೆ ಹೋಗಿ ನಿಂತರೆ ಪೇಟೆಯ ಕಡೆಯೆಲ್ಲ ಕಾಣುತ್ತದೆ. ಅವಳು ನಮ್ಮೂರು ಯಾವ ದಿಕ್ಕಿಗೆ ಎಂದು ಕೇಳುತ್ತಿರುವಾಗಲೇ ಅವರಿಬ್ಬರೂ ಇನ್ನೊಂದು ಕಡೆಯಿಂದ ಹತ್ತಿ ಬಂದರು. ಈ ಸಲ ಹತ್ತಿರ. ಮುಖ ಚೆನ್ನಾಗಿ ಕಾಣುವಷ್ಟು ಹತ್ತಿರ. ಅರಮನೆಯಲ್ಲಿ ದೂರವಾಯಿತೆಂದು ಭಾವನೇ ಹಾಗೆ ಹತ್ತಿರ ಬಂದದ್ದು. ಇದು ಆಮೇಲೆ ನನಗೆ ತಿಳಿಯಿತು.

ನಂಜಿ ನನ್ನ ಸೆರಗು ಹಿಡಿದಳು. ತುಟಿ ಅಲ್ಲಾಡಿಸದೆ ಕೇಳಿದಳು:

“ಟೋಪಿಯವರು. ಇವರೇನಾ ಅಕ್ಕಯ್ಯ?”

ನನಗೆ ಉಸಿರಾಡುವಷ್ಟು ಹೊತ್ತು ಇತ್ತು. ಯೋಚಿಸಲು ಸಮಯವಿರಲಿಲ್ಲ ಎಂದು ಹೇಳಲಾರೆ. ಗೋಪುರದ ನೆರಳು ಬಂಡೆಯ ಮೇಲೆ ಬಿದ್ದಿದ್ದನ್ನು ನೋಡಿದೆ. ಬೆಳಗಿನ ಕಾಫಿಯ ಲೋಟ ನೆನಪಾಯಿತು.

“ಹೂಂ” ಎಂದೆ.

ಭಾವ ಆಗ ಮತ್ತೆ ಕನ್ನಡಕ ತೆಗೆದರು. ನಂಜಿ ಈಗ ಅವರನ್ನೂ ನೋಡಿದಳು. ಒಪ್ಪಿಗೆಯಾದ ಮನಸ್ಸು ಅಕ್ಕಪಕ್ಕದವರನ್ನೆಲ್ಲ ನೋಡುತ್ತದಲ್ಲ, ಹಾಗೆ. ಅವಳ ಮುಖ ಮೆತ್ತಗಾಯಿತು.

“ಅಯ್ಯೋ, ಜೊತೇಲಿರೋರಿಗೆ ಒಂದು ಕಣ್ಣೇ ಇಲ್ವಲ್ಲೇ, ಪಾಪ. ಯಾರವರು? ನೆಂಟರಾ?”

ಇದು ನನಗೆ ಸಿಕ್ಕಿದ ಎರಡನೆಯ ಅವಕಾಶ. ಯಾವ ದೇವರು ಅದನ್ನು ಕೊಟ್ಟನೋ. ನಾನು, “ಆಗ್ಬೇಕು… ಬಾ, ಗಾಜಿನ ಮನೆ ನೋಡೋಣ, ಹೊತ್ತಾಯ್ತು” ಎಂದು ಅವಳ ಕೈ ಹಿಡಿದು ಇಳಿಸಿಕೊಂಡು ಹೋದೆ. ಅವಳು ಒಂದು ಸಲ ಹಿಂತಿರುಗಿ ನೋಡಿದಳು. ಯಾರನ್ನು ಎಂದು ಹೇಳಬೇಕಿಲ್ಲ.

ಜಟಕಾದ ಬಳಿ ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದರು. “ಸರಿಯಾಗಿ ನೋಡಿದ್ಲಾ? ಕಣ್ಣು… ಕಣ್ಣೂ ನೋಡಿದ್ಲಾ?”

“ನೋಡಿದ್ಲು ಚಿಕ್ಕಪ್ಪ.”

“ಏನಂದ್ಲು?”

“ಪಾಪ ಅಂದ್ಲು. ಒಪ್ಪಿದ್ದಾಳೆ.”

ನೋಡಿ — ಒಂದೊಂದು ಮಾತೂ ನಿಜ. ಇಷ್ಟು ನಿಜಗಳನ್ನು ಪೋಣಿಸಿ ಅಂಥ ಸುಳ್ಳು ಕಟ್ಟಬಹುದೆಂದು ನನಗೆ ಯಾರು ಕಲಿಸಿದ್ದರು? ಚಿಕ್ಕಪ್ಪ ವಲ್ಲಿಯಲ್ಲಿ ಕಣ್ಣೊರೆಸಿಕೊಂಡರು. “ನನ್ ಮಗಳು ಕಣವ್ವ. ಚಿನ್ನ. ಇನ್ನು ಆ ಕಣ್ಣಿನ ಮಾತು ನಮ್ಮನೇಲಿ ಯಾರೂ ಎತ್ಕೂಡ್ದು. ನೋಡಿ ಒಪ್ಪವ್ಳೆ ಮಗ, ಅದ್ನೇ ಆಡಿ ಆಡಿ ಯಾಕೆ ನೋಯಿಸ್ಬೇಕು?”

ಆ ಸಂಜೆ ಕಾಟನ್‌ಪೇಟೆಯ ಮನೆಯಲ್ಲಿ ನಾನು ಹೊಟ್ಟೆ ತುಂಬ ಉಂಡೆ. ಎರಡು ಸಲ ಹುಳಿ ಬಡಿಸಿಕೊಂಡೆ. ಇದು ನನಗೆ ಚೆನ್ನಾಗಿ ನೆನಪಿದೆ. ನನ್ನೊಳಗೆ ಯಾವ ನೋವೂ ಆಗಿರಲಿಲ್ಲ. ಪರೀಕ್ಷೆಯಲ್ಲಿ ಕಷ್ಟದ ಪ್ರಶ್ನೆಯೊಂದು ಬಾರದೆ ಹೋದ ಹಾಗೆ ಹಗುರವಾಗಿತ್ತು. ಅಂಥವಳೂ ನಾನೇ.

ಚಿಕ್ಕಪ್ಪನ ಆ ಒಂದು ಅಪ್ಪಣೆಯೇ ನನ್ನ ಸುಳ್ಳನ್ನು ಕಾಯಿತು. ಗಂಡಿಗೆ ಒಂದು ಕಣ್ಣಿಲ್ಲವೆಂಬುದು ನಮ್ಮ ಮನೆಯವರಿಗೆ, ನೆಂಟರಿಗೆ ಎಲ್ಲರಿಗೂ ಗೊತ್ತಿತ್ತು. ನಂಜಿ ಅದನ್ನು ಕಂಡೂ ಒಪ್ಪಿದ್ದಾಳೆಂಬುದೂ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಯಾರೂ ಅವಳೆದುರು ಅದನ್ನು ಆಡಲಿಲ್ಲ. ಎಲ್ಲರೂ ಪ್ರೀತಿಯಿಂದ ಬಾಯಿ ಮುಚ್ಚಿಕೊಂಡರು. ಲಾಲ್‌ಬಾಗಿನಲ್ಲೇ ನೋಡಿದ್ದಾಯಿತೆಂದು ಹೆಣ್ಣು ನೋಡುವ ಶಾಸ್ತ್ರವನ್ನೂ ಬಿಟ್ಟರು. ನಿಶ್ಚಿತಾರ್ಥಕ್ಕೆ ಗಂಡು ಬರುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಹಿರಿಯರು ಬಂದು ತಾಂಬೂಲ ಬದಲಾಯಿಸಿಕೊಂಡು ಹೋದರು.

ಮದುವೆಗೆ ಮುಂಚೆ ನಾನೊಮ್ಮೆ ಊರಿಗೆ ಹೋದೆ. ಅವರೆಕಾಯಿ ಕಾಲ. ನಂಜಿ, ನಾನು ಅಂಗಳದಲ್ಲಿ ಕೂತು ಕಾಳು ಬಿಡಿಸುತ್ತಿದ್ದೆವು. ಅವಳು ತಲೆಯೆತ್ತದೆ ಕೇಳಿದಳು: “ಆ ಕಣ್ಣಿಲ್ದಿರೋರು ನಿಮ್ ಜೊತೆ ಆ ಮನೇಲೇ ಇರೋದಾ? ಮದ್ವೆ ಆಗಿಲ್ವಾ ಅವ್ರಿಗೆ? ಹೆಣ್ಣು ಕೊಡೋರು ಸಿಕ್ಕಿರಾಕಿಲ್ಲ ಬಿಡು. ನಾನು ಬಂದ್ಮೇಲೆ ಚೆನ್ನಾಗಿ ನೋಡ್ಕೋತೀನಿ ಕಣೆ, ಬಿಸಿಬಿಸಿ ಮುದ್ದೆ ಹಾಕ್ತೀನಿ. ಅವ್ರಿಗೂ ಒಂದು ಹೆಣ್ಣು ನೋಡೋಣ.”

ನನ್ನ ಬೆರಳಲ್ಲಿ ಒಂದು ಕಾಯಿ ಹಾಗೇ ನಿಂತಿತು. ಹೇಳಿಬಿಡು, ಹೇಳಿಬಿಡು ಎಂದು ಒಳಗೆ ಏನೋ ಬಡಿದುಕೊಂಡಿತು. ಹೇಳಿದ್ದರೆ ಮದುವೆ ನಿಲ್ಲುತ್ತಿತ್ತು, ಚಿಕ್ಕಪ್ಪ ತಲೆ ತಗ್ಗಿಸುತ್ತಿದ್ದರು, ಅತ್ತೆ ನನ್ನ ಕಡೆ ತಿರುಗುತ್ತಿದ್ದರು… ನಾನು ಆ ಕಾಯಿಯನ್ನು ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದೆ. “ಒಳಗೆ ನೀರಿಟ್ಟಿದ್ದೀಯಾ?” ಎಂದು ಕೇಳಿದೆ.

ಮದುವೆಯಲ್ಲಿ ನಾನು ಕಳಸಗಿತ್ತಿ. ಮದುಮಗಳ ಹಿಂದೆ ಕಳಸ ಹಿಡಿದು ನಿಲ್ಲುವವಳು. ಬೇರೆ ಯಾರಾದರೂ ಆಗಲಿ ಎಂದು ಕೇಳಿಕೊಂಡೆ. “ಅಕ್ಕಯ್ಯಾನೇ ಆಗ್ಬೇಕು” ಎಂದಳಂತೆ ನಂಜಿ.

ಗಂಡಿನ ಕಡೆಯವರು ಹಿಂದಿನ ದಿನವೇ ಬಂದು ಬಿಡದಿಯಲ್ಲಿ ಇಳಿದಿದ್ದರು. ಮದುಮಗಳು ಕೋಣೆ ಬಿಟ್ಟು ಬರುವ ಹಾಗಿಲ್ಲ. ಧಾರೆಯ ಹೊತ್ತಿಗೆ ಅವಳನ್ನು ಚಪ್ಪರಕ್ಕೆ ಕರೆತಂದಾಗ ಮಧ್ಯೆ ತೆರೆ ಹಿಡಿದಿದ್ದರು, ಬಿಳಿಯ ಪಂಚೆ, ಅರಿಸಿನದಲ್ಲಿ ಬರೆದ ಗುರುತು. ಆ ಕಡೆ ಭಾವ, ಅವರ ಹಿಂದೆ ಶಾಮಣ್ಣ. ಶಾಮಣ್ಣನ ಎತ್ತರಕ್ಕೆ ತೆರೆಯ ಮೇಲೆ ಟೋಪಿಯ ತುದಿ ಕಾಣುತ್ತಿತ್ತು. ನಂಜಿ ಅದನ್ನು ನೋಡಿದಳೆಂದು ನನಗೆ ತಿಳಿದದ್ದು ಅವಳ ಕತ್ತಿನಿಂದ — ಮೆಲ್ಲಗೆ ಎತ್ತಿ, ಥಟ್ಟನೆ ತಗ್ಗಿಸಿದಳು. ಅವಳ ಬೊಗಸೆಯಲ್ಲಿ ಜೀರಿಗೆ ಬೆಲ್ಲ. ಜೋಯಿಸರ ಮಂತ್ರ ಜೋರಾಯಿತು. ವಾಲಗದವರು ಗಟ್ಟಿಮೇಳ ಎತ್ತಿದರು.

ತೆರೆ ಇಳಿಯಿತು.

ಅವಳು ಕಿರುಚಲಿಲ್ಲ. ನಾನು ಬಹುಶಃ ಅದಕ್ಕೆ ಸಿದ್ಧಳಾಗಿದ್ದೆ, ಅದಾದರೂ ಆಗಿದ್ದರೆ… ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದೆ ನಾನಿದ್ದೆ. ನನ್ನ ಕೈಯ ಕಳಸ ಅವಳ ಬೆನ್ನಿಗೆ ಬಡಿಯಿತು, ನೀರು ತುಳುಕಿ ಅವಳ ಸೀರೆ ನೆನೆಯಿತು. ಅವಳಿಗೆ ಹಿಂದೆ ಹೋಗಲು ಜಾಗವಿರಲಿಲ್ಲ. ಸುತ್ತ ನಿಂತ ಹೆಂಗಸರು ನಕ್ಕರು. “ನಾಚ್ಕೆ ನೋಡ್ರೇ ಹುಡುಗೀಗೆ! ಹಾಕವ್ವ, ಹಾಕವ್ವ, ಮೊದ್ಲು ಹಾಕಿದೋರೇ ಗೆದ್ದಂಗೆ!”

ಅವಳ ಕಣ್ಣು ಭಾವನ ಮುಖದ ಮೇಲೆ ನಿಂತಿತ್ತು. ಭಾವ ಕನ್ನಡಕ ಹಾಕಿರಲಿಲ್ಲ — ನೋಡಿ ಒಪ್ಪಿದವಳ ಮುಂದೆ ಅದೇಕೆ ಎಂದು. ಅವರು ನಗುತ್ತಿದ್ದರು, ತೆರೆ ಇಳಿಯುವ ಮೊದಲೇ ಶುರುವಾಗಿದ್ದ ನಗು. ಆ ನಗು ಅವರ ಮುಖದಲ್ಲಿ ಆರಿಹೋದದ್ದನ್ನು ನಾನು ನೋಡಿದೆ. ನಂಜಿಯ ಮುಖದಲ್ಲಿ ಕಂಡದ್ದು ಏನೆಂದು ನನಗೆ ಬರೆಯಲು ಬರುವುದಿಲ್ಲ. ಮನೆಯೆಂದು ಒಳಗೆ ಕಾಲಿಟ್ಟು, ಅಲ್ಲಿ ನೆಲವೇ ಇಲ್ಲದ್ದನ್ನು ಕಂಡವಳ ಹಾಗೆ. ಅವಳು ಅವರ ಹೆಗಲ ಮೇಲಿಂದ ಶಾಮಣ್ಣನನ್ನು ಹುಡುಕಿದಳು. ಆತ ಅಕ್ಷತೆ ಹಿಡಿದು ಎಲ್ಲರಂತೆ ನಗುತ್ತಿದ್ದರು. ಆಮೇಲೆ ಅವಳು ಕತ್ತು ತಿರುಗಿಸಿ ನನ್ನನ್ನು ನೋಡಿದಳು.

ಬಯ್ಯುವ ನೋಟವಲ್ಲ. ಏನೋ ಲೆಕ್ಕ ತಪ್ಪಿದೆ, ಅಕ್ಕಯ್ಯ ಈಗ ಸರಿ ಮಾಡುತ್ತಾಳೆ ಎನ್ನುವಂಥ ನೋಟ. ನಾನು ಕಳಸದೊಳಗಿನ ಮಾವಿನೆಲೆಯನ್ನು ನೋಡುತ್ತ ನಿಂತೆ.

ಭಾವ ತಮ್ಮ ಕೈಯ ಜೀರಿಗೆ ಬೆಲ್ಲವನ್ನು ಅವಳ ತಲೆಯ ಮೇಲೆ ಎಸೆಯಲಿಲ್ಲ. ಮೆಲ್ಲಗೆ, ಮುಟ್ಟದ ಹಾಗೆ, ಇಟ್ಟರು. ನಂಜಿಯ ಬೊಗಸೆ ಮುಷ್ಟಿಯಾಗಿತ್ತು. ಆಮೇಲೆ ಯಾರೋ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಇದಾದ ಮೇಲೂ ನಾನು ಎರಡು ವರ್ಷದ ಹತ್ತಿರ ಅದೇ ಮನೆಯಲ್ಲಿದ್ದೆ. ಅದೇ ಕಿಟಕಿ, ಅದೇ ಮೇಜು. ಓದುವವರಿಗೆ ಇದು ನಂಬಲಾಗದು ಎನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತದೆ. ನಂಜಿ ಬಡಿಸಿದಳು, ನಾನು ಉಂಡೆ. ಅವಳು ಒಂದು ದಿನವೂ ಲಾಲ್‌ಬಾಗಿನ ಮಾತು ಎತ್ತಲಿಲ್ಲ. ಕೊನೆಯ ಪರೀಕ್ಷೆಗೆ ಹೊರಟ ದಿನ ಹಣೆಗೆ ಕುಂಕುಮವಿಟ್ಟು, “ಚೆನ್ನಾಗಿ ಬರಿ ಅಕ್ಕಯ್ಯ. ಇದಕ್ಕೋಸ್ಕರಾನೇ ಅಲ್ವಾ?” ಎಂದಳು. ಕುಹಕವಿರಲಿಲ್ಲ ಅದರಲ್ಲಿ. ಅವಳಿಗೆ ಕಾರಣ ಅರ್ಧ ಮಾತ್ರ ಗೊತ್ತಿದೆ ಎಂದುಕೊಂಡೆ. ಅವಳು ಬೇಡವೆಂದಿದ್ದರೆ ಆ ಜಾಗಕ್ಕೆ ನಾನು ಹೋಗಬೇಕಾಗಿತ್ತು ಎಂಬ ಇನ್ನರ್ಧ ಗೊತ್ತಿಲ್ಲವೆಂದೇ ಆಗ ನನ್ನ ಎಣಿಕೆ. ನಾನು ಪರೀಕ್ಷೆ ಚೆನ್ನಾಗಿ ಬರೆದೆ.

ಆದರೆ ನಾನು ಅನ್ಯಾಯ ಮಾಡಿದ್ದು ನಂಜಿ ಒಬ್ಬಳಿಗೇ ಎಂದುಕೊಂಡಿದ್ದೆ. ಅಲ್ಲವೆಂದು ತಿಳಿದದ್ದು ಮದುವೆಯಾದ ಕೆಲವು ತಿಂಗಳಿಗೆ. ಅಷ್ಟರಲ್ಲಿ ಒಂದು ಬದಲಾವಣೆಯನ್ನು ನಾನು ಗಮನಿಸಿದ್ದೆ: ಭಾವ ಈಗ ಮನೆಯೊಳಗೂ ಕನ್ನಡಕ ತೆಗೆಯುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ. ದೀಪ ಹಚ್ಚಿದ ಮೇಲೆ ಗೋಡೆ ತಡಕಿಕೊಂಡು ನಡೆಯುತ್ತಿದ್ದರು, ತೆಗೆಯುತ್ತಿರಲಿಲ್ಲ. ಒಂದು ಸಂಜೆ ನಂಜಿ ನೀರಿಗೆ ಹೋಗಿದ್ದಾಗ ಅವರು ನನ್ನ ಮೇಜಿನ ಬಳಿ ಬಂದು ನಿಂತರು.

“ಶಾರದಾ, ಒಂದು ಮಾತು. ಲಾಲ್‌ಬಾಗಲ್ಲಿ ಅವಳು ನನ್ನನ್ನ ನೋಡಿದ್ಲು ತಾನೆ?”

“ನೋಡಿದ್ಲು ಭಾವ.”

“ನಾನೂ ನೋಡ್ದೆ. ಕನ್ನಡಕ ತೆಗ್ದಾಗ ಎಲ್ರೂ ಮುಖ ಆ ಕಡೆ ಮಾಡ್ತಾರೆ. ಅವಳು ಮಾಡ್ಲಿಲ್ಲ. ಒಂಥರಾ… ಕನಿಕರ ಇತ್ತು. ಅಷ್ಟು ಸಾಕು ಅಂದ್ಕೊಂಡೆ. ಅದನ್ನೇ ನೆನೆಸ್ಕೊಂಡು ಮದ್ವೆವರೆಗೂ…” ಅವರು ಕನ್ನಡಕ ಸರಿಮಾಡಿಕೊಂಡರು. “ಮತ್ತೆ ತೆರೆ ಇಳಿದಾಗ ಯಾಕೆ ಹಂಗೆ ಬೆಚ್ಚಿಬಿದ್ಲು? ಹತ್ರದಿಂದ ನೋಡೋಕೆ ಅಷ್ಟು ಅಸಹ್ಯವಾಗಿದ್ದೀನಾ?”

ನನಗೆ ಆಗ ಆದದ್ದನ್ನು ಸಿಡಿಲು ಎನ್ನಲೇ? ಆ ಬಂಡೆಯ ಮೇಲೆ ಒಬ್ಬ ಮನುಷ್ಯ ತನ್ನನ್ನು ಪೂರ್ತಿಯಾಗಿ ತೋರಿಸಿಕೊಂಡು ನಿಂತಿದ್ದ. ಒಬ್ಬ ಹುಡುಗಿ ಪೂರ್ತಿ ನೋಡಿದ್ದಳು. ಇಬ್ಬರೂ ಪ್ರಾಮಾಣಿಕರು. ಮಧ್ಯೆ ನಾನಿದ್ದೆ. ಅವಳ ಕನಿಕರವನ್ನು ಅವರು ಒಪ್ಪಿಗೆ ಎಂದುಕೊಂಡರು, ಅವಳ ಆಘಾತವನ್ನು ಅಸಹ್ಯ ಎಂದುಕೊಂಡರು, ಎರಡೂ ನನ್ನಿಂದ.

“ಹಂಗಲ್ಲ ಭಾವ. ಅಷ್ಟು ಜನ, ವಾಲಗ… ಹೆದರಿಕೊಂಡ್ಲು ಅಷ್ಟೇ” ಎಂದೆ.

ಅವರು ತಲೆಯಾಡಿಸಿದರು. ನಂಬಿದವರ ಹಾಗೆ ಕಾಣಲಿಲ್ಲ. ಮಂಡಿಗೆ ಹೊರಟುಹೋದರು.

ಅವರಿಗೆ ಮಕ್ಕಳಾದವು, ಮನೆ ನಡೆಯಿತು. ನಂಜಿ ಅವರನ್ನು ನೋಡಿಕೊಂಡಳು. ಸುಖವಾಗಿದ್ದರು ಎಂದು ಬರೆದು ಈ ಬರವಣಿಗೆಯನ್ನು ಮುಗಿಸುವ ಆಸೆ ನನಗೂ ಇದೆ. ನನಗೆ ಗೊತ್ತಿಲ್ಲ. ನಾನು ಕೆಲಸ ಸಿಕ್ಕಿ ಬೇರೆ ಊರಿಗೆ ಹೋದೆ, ಹಬ್ಬಕ್ಕೆ ಹುಣ್ಣಿಮೆಗೆ ಬಂದು ಹೋಗುವವಳಾದೆ. ಮದುವೆಯಾಗಲಿಲ್ಲ, ಅದನ್ನು ಪ್ರಾಯಶ್ಚಿತ್ತವೆಂದು ಯಾರಾದರೂ ಅಂದರೆ ನಗು ಬರುತ್ತದೆ. ನನಗೆ ಬೇಡವಾಗಿತ್ತು, ಆಗಲಿಲ್ಲ. ಬಂದಾಗಲೆಲ್ಲ ಭಾವನನ್ನು ನೋಡುತ್ತಿದ್ದೆ. ತಲೆ ಬೆಳ್ಳಗಾದ ಮೇಲೂ ಕಪ್ಪು ಕನ್ನಡಕ ಮುಖದ ಮೇಲೇ ಇತ್ತು. ನಂಜಿಯೂ ಅವರೂ ಒಂದೇ ಜಗಲಿಯಲ್ಲಿ ಕೂತಿರುತ್ತಿದ್ದರು. ಅವರ ನಡುವೆ ಏನಿತ್ತು, ಏನಿರಲಿಲ್ಲ — ಹೊರಗಿನಿಂದ ಕಾಣುವಂಥದ್ದಲ್ಲ.

ಕಳೆದ ವರ್ಷ ಭಾವ ತೀರಿಕೊಂಡರು. ಕಾರ್ಯವೆಲ್ಲ ಮುಗಿದು ನೆಂಟರು ಚದುರಿದ ಮೇಲೆ ನಾನು ಉಳಿದುಕೊಂಡೆ. ಒಂದು ಬೆಳಿಗ್ಗೆ ನಂಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ನಾನು ಎದುರಿಗೆ ಕೂತು ಎಲ್ಲ ಹೇಳಿದೆ — ಅತ್ತೆಯ ಮಾತು, ನನ್ನ ಸರದಿ ಬರುತ್ತಿದ್ದುದು, ಬಿಳಿ ಗುಡ್ಡೆಯ ಹೆದರಿಕೆ, ಕೊನೆಗೆ ಭಾವ ನನ್ನ ಮೇಜಿನ ಬಳಿ ಬಂದು ಕೇಳಿದ್ದು, ನಾನು ಕೊಟ್ಟ ಉತ್ತರ. ಕ್ಷಮಿಸು ಎನ್ನಲಿಲ್ಲ, ಅದನ್ನು ಕೇಳುವುದು ಅವಳಿಂದ ಇನ್ನೊಂದನ್ನು ಕಿತ್ತುಕೊಂಡ ಹಾಗೆ ಅನ್ನಿಸಿತು.

ಅವಳು ಬೀಜ ತೆಗೆಯುತ್ತಲೇ ಇದ್ದಳು. “ನಿನ್ನ ಸರದಿ ಬರ್ತಿತ್ತು ಅಂತ ಅತ್ತೇನೇ ಹೇಳಿದ್ರು, ನಾನು ಬಂದ ಹೊಸದ್ರಲ್ಲೇ” ಎಂದಳು. ಅಂದರೆ ಪರೀಕ್ಷೆಯ ದಿನ ಕುಂಕುಮವಿಡುವಾಗ ಅವಳಿಗೆ ಎಲ್ಲ ಗೊತ್ತಿತ್ತು. ಭಾವನ ಪ್ರಶ್ನೆಯ ಮಾತು ಮಾತ್ರ ಅವಳಿಗೆ ಹೊಸದು. ಅದು ಬಂದಾಗ ಒಂದು ಕ್ಷಣ ಅವಳ ಬೆರಳು ತಡೆದಿತ್ತು.

ಹೀಗಾಗಿ ಇನ್ನೊಂದನ್ನು ಕೇಳದೆ ಇರಲು ನನ್ನಿಂದ ಆಗಲಿಲ್ಲ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಆಮೇಲೆಯೂ ನಾನು ಹೋಗಿದ್ದೇನೆ, ಉಂಡಿದ್ದೇನೆ, ‘ಅಕ್ಕಯ್ಯ’ ಎನ್ನಿಸಿಕೊಂಡಿದ್ದೇನೆ, ಉತ್ತರ ಬಂದಿಲ್ಲ. ಬರಬೇಕೆಂಬ ಹಕ್ಕೂ ನನಗಿಲ್ಲ. ಕೇಳಿದ್ದನ್ನು ಮಾತ್ರ ಇಲ್ಲಿ ಬರೆದಿಡುತ್ತೇನೆ:

“ನಂಜಿ, ಅವತ್ತು ನೀನು ಬೆಚ್ಚಿದ್ದು ಅವರ ಕಣ್ಣು ಕಂಡಲ್ಲ, ನಾನು ಮಾಡಿದ ಮೋಸ ಕಂಡು ಅಂತ — ಭಾವ ಇರೋವಾಗ ಅವರಿಗೆ ಒಂದು ದಿನಾನಾದ್ರೂ ಹೇಳಿದ್ಯಾ?”